ಎವೆಯಿಕ್ಕುವಷ್ಟರಲ್ಲಿ

1957ನೆಯ ಇಸವಿಯ ಮೇ ತಿಂಗಳ 7ನೆಯ ತಾರೀಖು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಕ್ರೀಡಾಂಗಣದಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದೊಡನೆ ಬೇಸ್‌ಬಾಲ್ ಪಂದ್ಯವು ಆಗಷ್ಟೇ ಮೊದಲಾಗಿದ್ದು, ತಡವಾಗಿ ಬಂದ ಪ್ರೇಕ್ಷಕರು ತಮ್ಮ ಆಸನಗಳನ್ನು ಇನ್ನೂ ಹುಡುಕಿಕೊಳ್ಳುತ್ತಿದ್ದಿರಬಹುದಾದ ಹೊತ್ತಿನಲ್ಲಿ, ಹರ್ಬ್ ಸ್ಕೋರ್ ಎಂಬ ಇಪ್ಪತ್ತಮೂರು ವರ್ಷದ ಎಡಗೈ ಎಸೆತಗಾರನು ಗಿಲ್ ಮೆಕ್‌ಡೂಗಾಲ್ಡ್ ಎಂಬ ದಾಂಡಿಗನಿಗೆ ಚೆಂಡನ್ನೆಸೆದನು. ಸ್ಕೋರನು ಸಾಮಾನ್ಯನಲ್ಲ; ಎರಡು ವರ್ಷಗಳ ಹಿಂದೆ ತನ್ನ ಪ್ರಥಮ ಋತುವಿನಲ್ಲಿಯೇ 245 ಮಂದಿಯನ್ನು ದಾಂಡು ಬೀಸುವಂತೆ ಮಾಡಿಯೋ ಬೀಸದಂತೆ ಮಾಡಿಯೋ ಔಟು ಮಾಡಿ, ಹಿಂದಿನ ವರ್ಷ ಇಪ್ಪತ್ತು ಪಂದ್ಯಗಳನ್ನು ತನ್ನ ತಂಡಕ್ಕೆ ಗೆದ್ದುಕೊಟ್ಟು, ಆ ಕಾಲದ ಅತ್ಯಂತ ವೇಗಶಾಲಿಗಳಲ್ಲಿ ಒಬ್ಬನೆಂದು ಕೀರ್ತಿ ಪಡೆದಿದ್ದವನು. ಅವನೆಸೆದ ಚೆಂಡು ದಾಂಡಿಗನ ದಾಂಡಿಗೆ ತಾಗಿ, ಬಂದ ದಾರಿಯಲ್ಲಿಯೇ ಬಂದುದಕ್ಕಿಂತ ವೇಗವಾಗಿ ಹಿಂದಿರುಗಿ ಅವನ ಬಲಗಣ್ಣಿಗೆ ಬಡಿಯಿತು. ಮೂಗು ಮುರಿಯಿತು, ಮುಖದ ಎಲುಬುಗಳು ಬಿರಿದವು, ದೃಷ್ಟಿಯೇ ಉಳಿಯುವುದೋ ಇಲ್ಲವೋ ಎಂಬ ಸಂಶಯ ಬಹುದಿನ ಕಾಡಿತು. ಇಷ್ಟರ ನಡುವೆ, ಮುಖದಿಂದ ಪುಟಿದ ಚೆಂಡು ಮೂರನೆಯ ಬೇಸಿನ ಬಳಿಯಿದ್ದ ಆಟಗಾರನ ಕೈಸೇರಿ, ಅವನು ಅಭ್ಯಾಸಬಲದಿಂದ ಅದನ್ನು ಮೊದಲನೆಯ ಬೇಸಿಗೆ ರವಾನಿಸಿದ ಕಾರಣ ದಾಂಡಿಗನು ಅಲ್ಲಿಗೆ ತಲುಪುವ ಮೊದಲೇ ಔಟಾದನು. ಆಟದ ಲೆಕ್ಕದ ಪುಸ್ತಕವು ನಿಷ್ಕರುಣಿ. ಅದರಲ್ಲಿ ಆ ಕ್ಷಣವು ಒಂದು ಔಟು ಮಾತ್ರ.

ಸ್ಕೋರನು ಕಣ್ಣು ಕಳೆದುಕೊಂಡರೆ ತಾನು ಆಟವನ್ನೇ ಬಿಟ್ಟುಬಿಡುವುದಾಗಿ ಮೆಕ್‌ಡೂಗಾಲ್ಡನು ಹೇಳಿದನು. ದೈವವಶಾತ್ ಕಣ್ಣು ಉಳಿಯಿತು. ಆದರೆ ಸ್ಕೋರನು ಮತ್ತೆ ಹಿಂದಿನ ಸ್ಕೋರನಾಗಲಿಲ್ಲ. ಅದಕ್ಕೆ ಕಾರಣ ಆ ಏಟಲ್ಲ, ಮರುವರ್ಷ ತೋಳಿಗಾದ ನೋವು ಎಂದು ಅವನು ಕೊನೆಯವರೆಗೂ ಸಾಧಿಸುತ್ತಿದ್ದನು. ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಅದೇ ನಗರದ ತಂಡದ ಆಟವನ್ನು ಜನರಿಗೆ ಬಾನುಲಿಯಲ್ಲಿಯೂ ದೂರದರ್ಶನದಲ್ಲಿಯೂ ವರ್ಣಿಸುತ್ತ ಜೀವಿಸಿದ ಆತನ ವಿಷಯದಲ್ಲಿ ನಾವು ಮರುಗಬೇಕಾದುದು ಬಹಳವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಸದೃಢಕಾಯನೂ ಕುಶಲನೂ ಕೈಯಲ್ಲಿ ಚರ್ಮದ ದೊಡ್ಡ ಗವಸನ್ನು ತೊಟ್ಟವನೂ ಆದ ಒಬ್ಬ ಯುವಕನು, ತನ್ನ ಕಣ್ಣೆದುರಿಗೇ ಬಂದ ಚೆಂಡನ್ನು ತಡೆಯಲಾರದೆ ಹೋದುದು ಏತಕ್ಕೆ? ಅಜಾಗರೂಕತೆಯೆ? ದುರದೃಷ್ಟವೆ? ಅಥವಾ ಮನುಷ್ಯಶರೀರದ ರಚನೆಯಲ್ಲಿಯೇ ಅಡಗಿರುವ ಯಾವುದಾದರೂ ಮಿತಿಯೆ?

ಬೇಸ್‌ಬಾಲನ್ನು ಕಾಣದ ನಮ್ಮ ಓದುಗರಿಗೆ ಅದರ ಅಂಗಳದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕಾಗಿದೆ. ಕ್ರಿಕೆಟ್ಟಿನಲ್ಲಿ ಇಪ್ಪತ್ತೆರಡು ಗಜದ ಪಟ್ಟಿಯ ಎರಡು ತುದಿಗಳಿದ್ದಂತೆ ಇಲ್ಲಿ ಒಂದು ಚೌಕದ ನಾಲ್ಕು ಮೂಲೆಗಳಿವೆ. ಒಂದು ಮೂಲೆಯಿಂದ ಇನ್ನೊಂದಕ್ಕೆ 90 ಅಡಿ. ಒಂದು ಮೂಲೆಯಲ್ಲಿ ದಾಂಡಿಗನು ನಿಲ್ಲುತ್ತಾನೆ. ಬೇಸುಗಳೆನಿಸುವ ಉಳಿದ ಮೂರು ಮೂಲೆಗಳನ್ನು ಕಾಯುವವರು ಅವುಗಳ ಆಸುಪಾಸಿನಲ್ಲಿ ಇರುತ್ತಾರೆ. ಚೌಕದ ನಡುವೆ ಒಂದು ಸಣ್ಣ ಮಣ್ಣಿನ ದಿಬ್ಬದ ಮೇಲೆ, ದಾಂಡಿಗನಿಂದ 60 ಅಡಿ 6 ಅಂಗುಲ ದೂರದಲ್ಲಿ, ಎಸೆತಗಾರನು ನಿಂತು ಎಸೆಯುತ್ತಾನೆ. 1893ರಿಂದ ಈ ಅಳತೆ ಬದಲಾಗಿಲ್ಲ. ಅದಕ್ಕೆ ಮುಂಚೆ ಎಸೆತಗಾರನು ಇನ್ನೂ ಸಮೀಪದಲ್ಲಿದ್ದನು. ಅವನನ್ನು ಹಿಂದಕ್ಕೆ ಸರಿಸಿದುದು ದಾಂಡಿಗನ ಮೇಲಿನ ಕನಿಕರದಿಂದಲೇ ಹೊರತು ಎಸೆತಗಾರನ ಮುಖದ ಚಿಂತೆಯಿಂದಲ್ಲ. ಚೆಂಡು ನಮ್ಮ ಕ್ರಿಕೆಟ್ ಚೆಂಡಿಗಿಂತ ಹತ್ತು ಹದಿನೈದು ಗ್ರಾಮಿನಷ್ಟು ಹಗುರ, ಸುತ್ತಳತೆಯಲ್ಲಿ ಕೂದಲೆಳೆಯಷ್ಟು ದೊಡ್ಡದು, ಗಡುಸಿನಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲ. ಕ್ರಿಕೆಟ್ಟಿನ ಬೌಲರನು ಬಹುಮಟ್ಟಿಗೆ ನೆಲಕ್ಕೆ ಬಡಿದು ಏಳುವ ಚೆಂಡನ್ನು ಎಸೆಯುವನಷ್ಟೆ. ಬೇಸ್‌ಬಾಲಿನಲ್ಲಿ ಚೆಂಡು ನೆಲ ಮುಟ್ಟದೆ ಬರುತ್ತದೆ, ದಾಂಡಿಗನು ಮೈಯ ಬಲವನ್ನೆಲ್ಲ ಸೊಂಟದ ಸುತ್ತ ತಿರುಚಿ ಅದನ್ನು ಅಡ್ಡಲಾಗಿ ಹೊಡೆಯುತ್ತಾನೆ. ಆದುದರಿಂದ ಹೊಡೆತವು ಸರಿಯಾಗಿ ಕೂಡಿದಾಗ ಚೆಂಡು ಎದೆಯ ಮಟ್ಟದಲ್ಲಿಯೋ ತಲೆಯ ಮಟ್ಟದಲ್ಲಿಯೋ ಬಾಣದಂತೆ ನೇರವಾಗಿ ಹೊರಡುತ್ತದೆ. ಆ ಆಟದ ಭಾಷೆಯಲ್ಲಿ ಅದಕ್ಕೆ ಲೈನ್ ಡ್ರೈವ್ ಎಂದು ಹೆಸರು.

ಈಗ ಲೆಕ್ಕಕ್ಕೆ ಬರೋಣ. ಪದವೀಧರರಲ್ಲದವರೂ ಮಾಡಬಹುದಾದ ಲೆಕ್ಕವಿದು. ಗಂಟೆಗೆ ನೂರು ಮೈಲಿ ಎಂದರೆ ಸೆಕೆಂಡಿಗೆ ಸುಮಾರು 147 ಅಡಿ. ಎಸೆತಗಾರನು ನಿಂತಲ್ಲಿಯೇ ನಿಂತು ಎಸೆಯುವುದಿಲ್ಲ. ದೊಡ್ಡದೊಂದು ಹೆಜ್ಜೆಯನ್ನು ಮುಂದಿಟ್ಟು ಮೈಯನ್ನೆಲ್ಲ ದಾಂಡಿಗನತ್ತ ಚೆಲ್ಲಿ ಎಸೆಯುವುದರಿಂದ, ಚೆಂಡು ದಾಂಡಿಗೆ ತಾಗುವ ಹೊತ್ತಿಗೆ ಅವನ ಮುಖವು ದಾಂಡಿಗನಿಂದ ಸುಮಾರು 55 ಅಡಿಯಲ್ಲಿರುತ್ತದೆ. ಹಾಗಾದರೆ ಅವನಿಗಿರುವ ಸಮಯ ಒಂದು ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲಿಗೂ ತುಸು ಕಡಮೆ. ಗಾಳಿಯ ತಡೆಯಿಂದ ಚೆಂಡಿನ ವೇಗ ಸ್ವಲ್ಪ ಕುಗ್ಗುವುದನ್ನು ಲೆಕ್ಕಕ್ಕೆ ಹಿಡಿದರೂ ಸಿಗುವ ಲಾಭ ಒಂದೆರಡು ಶತಾಂಶ ಮಾತ್ರ. ಅಮೆರಿಕದ ವೃತ್ತಿಪರ ಪಂದ್ಯಗಳಲ್ಲಿ 2015ರಿಂದೀಚೆಗೆ ಪ್ರತಿಯೊಂದು ಹೊಡೆತದ ವೇಗವನ್ನೂ ಯಂತ್ರಗಳಿಂದ ಅಳೆಯುತ್ತಿದ್ದು, ಗಂಟೆಗೆ 122 ಮೈಲಿಯನ್ನು ಮೀರಿದ ಹೊಡೆತಗಳೂ ದಾಖಲೆಯಲ್ಲಿವೆ. ಅಂಥದೊಂದು ಎಸೆತಗಾರನತ್ತ ತಿರುಗಿದರೆ ಅವನ ಪಾಲಿಗೆ ಉಳಿಯುವುದು ಸೆಕೆಂಡಿನ ಮೂರನೆಯ ಒಂದು ಭಾಗದ ಆಸುಪಾಸು.

ನಮ್ಮ ಹಿರಿಯರು ನಿಮಿಷವೆಂದು ಕರೆದುದು ಗಡಿಯಾರದ ಅರುವತ್ತು ಸೆಕೆಂಡುಗಳನ್ನಲ್ಲ. ಕಣ್ಣೆವೆ ಮುಚ್ಚಿ ತೆರೆಯುವಷ್ಟು ಕಾಲವನ್ನು. ಆ ಅರ್ಥದಲ್ಲಿ ಈ ಚೆಂಡಿನ ಪ್ರಯಾಣವು ಒಂದೆರಡು ನಿಮಿಷದ್ದು. ಎಸೆತಗಾರನು ಅಕಸ್ಮಾತ್ ಆ ಸಮಯದಲ್ಲಿಯೇ ಎವೆಯಿಕ್ಕಿದನೆಂದರೆ ಚೆಂಡಿನ ದಾರಿಯಲ್ಲಿ ಮೂರರಲ್ಲೊಂದು ಪಾಲು ಅವನ ಕಾಣ್ಕೆಗೆ ಸಿಕ್ಕದೆ ಕಳೆದುಹೋಗಬಹುದು. ದೇವತೆಗಳು ಅನಿಮಿಷರು, ಅವರು ಎವೆಯಿಕ್ಕುವುದಿಲ್ಲವೆಂದು ನಾವು ಕೇಳಿದ್ದೇವೆ. ಬಹುಶಃ ಅವರು ಬೇಸ್‌ಬಾಲ್ ಆಡಿದರೆ ಮುಖಕವಚ ಬೇಕಾಗಲಾರದು.

ಮನುಷ್ಯನು ಕಂಡುದಕ್ಕೂ ಮಾಡುವುದಕ್ಕೂ ನಡುವೆ ಒಂದು ಅವಕಾಶವಿದೆಯೆಂಬುದು ಇಂದು ನಮಗೆ ಸಹಜವಾಗಿ ತೋರುವುದಾದರೂ, ಅದು ತಿಳಿದುಬಂದುದು ತೀರ ಈಚೆಗೆ. ಅದೂ ಒಬ್ಬ ಬಡ ಸಹಾಯಕನ ಕೆಲಸ ಹೋದ ಮೇಲೆ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ರಾಜಜ್ಯೋತಿರ್ವಿದನಾಗಿದ್ದ ನೆವಿಲ್ ಮ್ಯಾಸ್ಕಲೈನನು, ತನ್ನ ಸಹಾಯಕನಾದ ಡೇವಿಡ್ ಕಿನ್ನೆಬ್ರೂಕನು ನಕ್ಷತ್ರವು ದೂರದರ್ಶಕದ ತಂತಿಯನ್ನು ದಾಟುವ ವೇಳೆಯನ್ನು ತನಗಿಂತ ಹತ್ತರಲ್ಲಿ ಎಂಟು ಸೆಕೆಂಡಿನಷ್ಟು ತಡವಾಗಿ ಬರೆಯುತ್ತಿರುವನೆಂದು ಕಂಡು, ಎಚ್ಚರಿಕೆ ಕೊಟ್ಟರೂ ತಿದ್ದಿಕೊಳ್ಳಲಿಲ್ಲವೆಂದು 1796ರಲ್ಲಿ ಅವನನ್ನು ಕೆಲಸದಿಂದ ತೆಗೆದುಹಾಕಿದನು. ಕಾಲು ಶತಮಾನ ಕಳೆದ ಬಳಿಕ ಜರ್ಮನ್ ಜ್ಯೋತಿರ್ವಿದನಾದ ಬೆಸೆಲನು ಈ ಪ್ರಸಂಗವನ್ನು ಕುರಿತು ಯೋಚಿಸಿ, ಬೇರೆ ಬೇರೆ ವೀಕ್ಷಕರನ್ನು ಹೋಲಿಸಿ ನೋಡಿ, ತಪ್ಪು ಸಹಾಯಕನ ಸೋಮಾರಿತನದ್ದಲ್ಲವೆಂದೂ ಪ್ರತಿಯೊಬ್ಬ ವೀಕ್ಷಕನಿಗೂ ತನ್ನದೇ ಆದ ಒಂದು ವಿಳಂಬವಿರುವುದೆಂದೂ ತೋರಿಸಿಕೊಟ್ಟನು. ಕಿನ್ನೆಬ್ರೂಕನ ಕೆಲಸ ಮಾತ್ರ ಹಿಂದಿರುಗಿ ಬರಲಿಲ್ಲ.

ಬೆಸೆಲನು ಬಾಳಿದ ಕೋನಿಗ್ಸ್‌ಬರ್ಗ್ ನಗರದಲ್ಲಿಯೇ 1850ರ ಸುಮಾರಿನಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿಯು ಕಪ್ಪೆಯ ಕಾಲಿನ ನರದಲ್ಲಿ ಸಂದೇಶವು ಎಷ್ಟು ವೇಗದಿಂದ ಹರಿಯುವುದೆಂಬುದನ್ನು ಅಳೆದನು. ಅದು ಮಿಂಚಿನ ವೇಗದ್ದಿರಬೇಕು, ಮನುಷ್ಯನಿಂದ ಅಳೆಯಲು ಎಂದಿಗೂ ಆಗದು ಎಂಬುದು ಅವನ ಗುರುವಿನ ಅಭಿಪ್ರಾಯವಾಗಿತ್ತು. ಶಿಷ್ಯನು ಅಳೆದಾಗ ಬಂದ ಉತ್ತರ ಸೆಕೆಂಡಿಗೆ ಮೂವತ್ತು ಮೀಟರಿನ ಆಚೀಚೆ. ಮನುಷ್ಯನ ನರಗಳು ಕಪ್ಪೆಯ ನರಗಳಿಗಿಂತ ವೇಗಶಾಲಿಗಳು. ಆದರೂ ಮಿಂಚಿಗೂ ಅವಕ್ಕೂ ಹೋಲಿಕೆಯಿಲ್ಲ. ನಮ್ಮ ಸಂಕಲ್ಪವು ಬೆರಳ ತುದಿಗೆ ಮುಟ್ಟಲು ಕಾಲ ಹಿಡಿಯುತ್ತದೆಂಬುದು, ಯೋಚಿಸಿ ನೋಡಿದರೆ, ವಿನಯವನ್ನು ಕಲಿಸುವ ಸಂಗತಿ.

ಬೆಳಕೊಂದು ಹೊತ್ತಿದೊಡನೆಯೇ ಗುಂಡಿಯನ್ನು ಒತ್ತಬೇಕೆಂಬ ಸರಳ ಪರೀಕ್ಷೆಯಲ್ಲಿ ಆರೋಗ್ಯವಂತನಾದ ಯುವಕನು ಸುಮಾರು ಐದರಲ್ಲೊಂದು ಸೆಕೆಂಡನ್ನು ತೆಗೆದುಕೊಳ್ಳುತ್ತಾನೆ. ಕಣ್ಣಿನ ಒಳಪೊರೆಯು ಬೆಳಕನ್ನು ನರಸಂಕೇತವಾಗಿ ಮಾರ್ಪಡಿಸಬೇಕು, ಆ ಸಂಕೇತವು ಮಿದುಳಿನ ಹಿಂಭಾಗಕ್ಕೆ ಹೋಗಬೇಕು, ಅಲ್ಲಿ ಅದು ಇಂಥದೆಂದು ಗೊತ್ತಾಗಬೇಕು, ಅಪ್ಪಣೆಯು ಬೆನ್ನುಹುರಿಯ ಮಾರ್ಗವಾಗಿ ಕೈಗೆ ಇಳಿಯಬೇಕು, ಅಪ್ಪಣೆ ಮುಟ್ಟಿದ ಮೇಲೆಯೂ ಮಾಂಸಖಂಡವು ಬಿಗಿಯಾಗಿ ಎಲುಬನ್ನೆಳೆಯುವುದಕ್ಕೆ ಇನ್ನಷ್ಟು ಕಾಲ ಬೇಕು. ಇದರಲ್ಲಿ ಯಾವುದನ್ನೂ ಬಿಡಲಾಗದು. ಅದೂ ಒಂದೇ ಬೆಳಕು, ಒಂದೇ ಗುಂಡಿ ಇದ್ದಾಗಿನ ಮಾತು. ಆಯ್ಕೆಗಳು ಹೆಚ್ಚಿದಷ್ಟೂ ವಿಳಂಬವು ಬೆಳೆಯುವುದೆಂದು 1868ರಲ್ಲಿ ಹಾಲೆಂಡಿನ ಡಾಂಡರ್ಸನೂ, ಅದು ಬೆಳೆಯುವ ಗಣಿತವನ್ನು 1952ರಲ್ಲಿ ಕೇಂಬ್ರಿಜ್ಜಿನ ಹಿಕ್ ಎಂಬಾತನೂ ತೋರಿಸಿದ್ದಾರೆ. ಎಸೆತಗಾರನ ಮುಂದಿರುವ ಆಯ್ಕೆಗಳಾದರೋ ಅನೇಕ: ಚೆಂಡು ಬಲಕ್ಕೆ ಬರುತ್ತಿದೆಯೆ, ಎಡಕ್ಕೆ ಬರುತ್ತಿದೆಯೆ, ಹಿಡಿಯತಕ್ಕದ್ದೆ, ತಪ್ಪಿಸಿಕೊಳ್ಳತಕ್ಕದ್ದೆ, ಗವಸನ್ನು ಮೇಲಕ್ಕೆತ್ತಬೇಕೆ, ತಲೆಯನ್ನು ತಗ್ಗಿಸಬೇಕೆ? ನಿಶ್ಚಯವಾದ ಮೇಲೆ, ತೊಡೆಯ ಬಳಿ ತೂಗಾಡುತ್ತಿರುವ ಗವಸು ಮುಖದ ಮಟ್ಟಕ್ಕೆ ಏರಿಬರಬೇಕು. ಅದಕ್ಕೆ ಇನ್ನೂ ಒಂದೂವರೆ ದಶಾಂಶ ಸೆಕೆಂಡು. ಇವನ್ನೆಲ್ಲ ಕೂಡಿಸಿದರೆ ಬರುವ ಮೊತ್ತವು ಚೆಂಡಿನ ಪ್ರಯಾಣದ ಕಾಲಕ್ಕೆ ಸರಿಸಮನಾಗಿ ನಿಲ್ಲುತ್ತದೆ. ವೇಗವು ತುಸು ಹೆಚ್ಚಿದರೆ ಅದನ್ನು ಮೀರುತ್ತದೆ. ಎಸೆತಗಾರನು ಪ್ರತಿದಿನವೂ ಗೆಲ್ಲುತ್ತಿರುವುದು ಆ ಒಂದೆರಡು ಶತಾಂಶದ ಅಂಚಿನಲ್ಲಿ.

ಅಭ್ಯಾಸದಿಂದ ಈ ವಿಳಂಬವನ್ನು ನೀಗಿಕೊಳ್ಳಲಾಗದೆ ಎಂದು ಕೇಳುವವರಿಗೆ ಬೇಬ್ ರೂತನ ಕಥೆಯನ್ನು ಹೇಳಬೇಕು. ಬೇಸ್‌ಬಾಲಿನ ಚರಿತ್ರೆಯಲ್ಲಿಯೇ ಅತ್ಯಂತ ಪ್ರಖ್ಯಾತ ದಾಂಡಿಗನಾದ ಈತನನ್ನು 1921ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ಪ್ರಯೋಗಶಾಲೆಗೆ ಕರೆದೊಯ್ದು, ಬೆಳಕಿಗೂ ಶಬ್ದಕ್ಕೂ ಅವನು ಎಷ್ಟು ಬೇಗ ಪ್ರತಿಕ್ರಿಯೆ ತೋರುವನೆಂದು ಅಳೆದರು. ಜನಸಾಮಾನ್ಯರ ಸರಾಸರಿ ಸಾವಿರದಲ್ಲಿ 180 ಪಾಲು ಸೆಕೆಂಡಾದರೆ, ಬೆಳಕಿಗೆ ರೂತನದು 160. ಲೋಕೋತ್ತರ ಪುರುಷನೆನ್ನಿಸಿಕೊಂಡವನಿಗೂ ಲೋಕಕ್ಕೂ ಇದ್ದ ಅಂತರ ಇಪ್ಪತ್ತು ಸಹಸ್ರಾಂಶ! ಆ ಅವಧಿಯಲ್ಲಿ ನೂರು ಮೈಲಿ ವೇಗದ ಚೆಂಡು ಸುಮಾರು ಮೂರಡಿ ದೂರ ಸಾಗುತ್ತದೆ. ಮೂರಡಿಯೇನೂ ಸಣ್ಣದಲ್ಲ, ಆದರೆ ಐವತ್ತೈದರಲ್ಲಿ ಮೂರು ಎಂಬುದನ್ನೂ ಮರೆಯುವಂತಿಲ್ಲ. ನುರಿತ ಆಟಗಾರನ ನಿಜವಾದ ಹಿರಿಮೆಯಿರುವುದು ನರಗಳ ವೇಗದಲ್ಲಿ ಅಲ್ಲ, ಮುನ್ನರಿವಿನಲ್ಲಿ. ದಾಂಡಿಗನ ಭುಜದ ತಿರುವು, ದಾಂಡಿನ ಕೋನ, ತಾನೆಸೆದ ಚೆಂಡಿನ ಎತ್ತರ ಇವುಗಳಿಂದ ಹೊಡೆತವು ಎತ್ತ ಬಂದೀತೆಂದು ಅವನು ಮೊದಲೇ ಊಹಿಸಿ ಕಾಲುಗಳನ್ನು ಸಿದ್ಧಪಡಿಸಿಕೊಂಡಿರುತ್ತಾನೆ. ಬಾಲ್ಟಿಮೋರಿನ ಮೂರನೆಯ ಬೇಸನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾದು, ಶ್ರೇಷ್ಠ ಕ್ಷೇತ್ರರಕ್ಷಕರಿಗೆ ಸಲ್ಲುವ ಚಿನ್ನದ ಗವಸಿನ ಪ್ರಶಸ್ತಿಯನ್ನು ಹದಿನಾರು ಸಲ ಗೆದ್ದ ಬ್ರೂಕ್ಸ್ ರಾಬಿನ್‌ಸನ್ನನು ಓಟದಲ್ಲಿ ಮಂದಗತಿಯವನೆಂದೇ ಹೆಸರಾಗಿದ್ದನು. ಚೆಂಡು ಬರುವ ಕಡೆಗೆ ಅವನು ಮೊದಲೇ ಹೋಗಿರುತ್ತಿದ್ದನು.

ಇಲ್ಲಿಯೇ ಎಸೆತಗಾರನ ಸಂಕಟವಿರುವುದು. ಮೂರನೆಯ ಬೇಸಿನವನು ಮೊಣಕಾಲು ಬಗ್ಗಿಸಿ, ಗವಸನ್ನು ಮುಂದೆ ಚಾಚಿ, ದಾಂಡನ್ನೇ ದಿಟ್ಟಿಸುತ್ತ ಸನ್ನದ್ಧನಾಗಿರುವನು. ಅವನ ಎಡೆಗೆ ಅಮೆರಿಕನ್ನರು ಬಿಸಿಮೂಲೆಯೆಂಬ ಅರ್ಥದ ಹೆಸರನ್ನಿಟ್ಟಿದ್ದರೂ, ಸಾಮಾನ್ಯವಾಗಿ ಅವನು ತೊಂಬತ್ತು ಅಡಿಯ ಆಸುಪಾಸಿನಲ್ಲಿರುವುದರಿಂದ ನೂರು ಮೈಲಿಯ ಹೊಡೆತಕ್ಕೂ ಅವನಿಗೆ ಆರು ದಶಾಂಶ ಸೆಕೆಂಡು ಸಿಗುತ್ತದೆ. ದಾಂಡಿಗನು ಚೆಂಡನ್ನು ಮೆಲ್ಲಗೆ ತಟ್ಟಿ ಓಡುವ ಹಂಚಿಕೆ ಹಾಕಿದ್ದಾನೆಂದು ಶಂಕಿಸಿ ಇವನು ಅರುವತ್ತು ಅಡಿಗೆ ಮುಂದೊತ್ತಿ ಬಂದಾಗ ಮಾತ್ರ, ಅವನ ಪಾಡೂ ಎಸೆತಗಾರನ ಪಾಡೇ. ಎಸೆತಗಾರನಾದರೋ ಪ್ರತಿ ಎಸೆತದಲ್ಲಿಯೂ ಮೈಯ ತೂಕವನ್ನೆಲ್ಲ ಒಂದು ಕಾಲಿನ ಮೇಲೆ ಹಾಕಿ, ತೋಳನ್ನು ಬೀಸಿ, ಆ ಬೀಸಿನ ರಭಸಕ್ಕೆ ತಲೆ ಬಾಗಿ, ಒಂದು ಪಕ್ಕಕ್ಕೆ ವಾಲಿಕೊಂಡಿರುವ ಅರೆಗಳಿಗೆಯಲ್ಲಿಯೇ ಕ್ಷೇತ್ರರಕ್ಷಕನಾಗಿ ಮಾರ್ಪಡಬೇಕಾಗುತ್ತದೆ. ಇದರ ಮೇಲೆ ಕಣ್ಣಿನದೇ ಒಂದು ಮೋಸವಿದೆ. ಅಡ್ಡಲಾಗಿ ಸಾಗುವ ವಸ್ತುವಿನ ವೇಗವನ್ನು ಕಣ್ಣು ಚೆನ್ನಾಗಿ ಗ್ರಹಿಸುತ್ತದೆ; ನೇರವಾಗಿ ಮುಖದತ್ತಲೇ ಬರುವ ಚೆಂಡು ಎತ್ತಲೂ ಸರಿಯದೆ ಇದ್ದಲ್ಲಿಯೇ ಇದ್ದಂತೆ ಕಂಡು, ಮೊದಮೊದಲು ಮೆಲ್ಲಗೆ ಹಿಗ್ಗುತ್ತ, ಕೊನೆಯ ಕ್ಷಣದಲ್ಲಿ ಒಮ್ಮೆಗೇ ದೊಡ್ಡದಾಗುತ್ತದೆ. ಎಂದರೆ, ಮುಖಕ್ಕೆ ಬಡಿಯಲಿರುವ ಚೆಂಡೇ ಬಡಿಯುವುದೆಂದು ತಿಳಿಯಲು ಎಲ್ಲಕ್ಕಿಂತ ಕಷ್ಟವಾದ ಚೆಂಡು.

ಮುಖವೆಂಬುದು ಏಟು ತಿನ್ನುವುದಕ್ಕಾಗಿ ರಚಿತವಾದ ಅಂಗವಲ್ಲ. ಹಣೆಯ ಎಲುಬೊಂದು ಗಟ್ಟಿ. ಮೂಗಿನದು ಅತ್ಯಲ್ಪ ಬಲಕ್ಕೂ ಮುರಿಯುತ್ತದೆ. ಕೆನ್ನೆಯೆಲುಬು ಇವೆರಡರ ನಡುವಿನದು. ಕಣ್ಣುಗುಡ್ಡೆಯನ್ನು ಹೊತ್ತಿರುವ ಗೂಡಿನ ತಳವಂತೂ ಕಾಗದದಂತೆ ತೆಳುವಾದ ಎಲುಬು. ಕಣ್ಣಿನ ಮೇಲೆ ಒತ್ತಡ ಬಿದ್ದಾಗ ಆ ತಳವೇ ಒಡೆದು ಕೆಳಗೆ ಕುಸಿಯುವುದುಂಟು. ಹಾಗೆ ಕುಸಿದು ಕಣ್ಣುಗುಡ್ಡೆಯು ಎಷ್ಟೋ ವೇಳೆ ಒಡೆಯದೆ ಉಳಿಯುತ್ತದೆಂಬುದು ಪ್ರಕೃತಿಯ ಒಂದು ಕ್ರೂರವಾದ ಜಾಣ್ಮೆ. ಆದರೂ ಕಣ್ಣಿನ ಒಳಪೊರೆ ಹರಿಯುವುದು, ಎರಡೆರಡಾಗಿ ಕಾಣುವುದು, ಹಲ್ಲುಗಳ ಸಾಲು ಕೂಡದೆ ಹೋಗುವುದು ಮುಂತಾದ ಬವಣೆಗಳು ಎಲುಬು ಕೂಡಿದ ಮೇಲೆಯೂ ಉಳಿಯಬಹುದು.

ಸ್ಕೋರನ ಬಳಿಕ ಹೀಗೆ ಏಟು ತಿಂದ ಎಸೆತಗಾರರ ಪಟ್ಟಿ ಬೆಳೆಯುತ್ತಲೇ ಬಂದಿದೆ. 2000ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನ ಬ್ರೈಸ್ ಫ್ಲೋರಿಯ ಕೆನ್ನೆ, ಕಣ್ಣಿನ ಗೂಡು, ಮೂಗುಗಳು ಒಂದೇ ಏಟಿಗೆ ಮುರಿದವು. ಮರುವರ್ಷ ಕೆಲವೇ ಪಂದ್ಯಗಳನ್ನಾಡಿ ಅವನು ಆ ಮಟ್ಟದ ಆಟದಿಂದ ಮರೆಯಾದನು. 2014ರ ಮಾರ್ಚಿನಲ್ಲಿ, ತಾನೇ ಗಂಟೆಗೆ ನೂರು ಮೈಲಿಗೂ ಮಿಗಿಲಾದ ವೇಗದಲ್ಲಿ ಎಸೆಯುವ ಆರಾಲ್ಡಿಸ್ ಚಾಪ್‌ಮನ್ನನ ಎಡಗಣ್ಣಿನ ಮೇಲ್ಭಾಗಕ್ಕೆ ಚೆಂಡು ಬಡಿದು, ಲೋಹದ ತಗಡನ್ನು ಇರಿಸಿ ಎಲುಬನ್ನು ಕೂಡಿಸಬೇಕಾಯಿತು; ಅಂದಿನ ಆಟವನ್ನು ಅಲ್ಲಿಗೇ ನಿಲ್ಲಿಸಿದರು. 2021ರ ಆಗಸ್ಟಿನಲ್ಲಿ ಓಕ್‌ಲ್ಯಾಂಡಿನ ಕ್ರಿಸ್ ಬ್ಯಾಸಿಟ್ಟನ ಕೆನ್ನೆಯೆಲುಬು ಮುರಿಯಿತು. ಅವನು ಮರುತಿಂಗಳೇ ಮೈದಾನಕ್ಕೆ ಮರಳಿದ. ಆಟಗಾರನೂ ಅಲ್ಲದ, ಮೊದಲನೆಯ ಬೇಸಿನ ಬಳಿ ತರಬೇತುಗಾರನಾಗಿ ನಿಂತಿದ್ದ ಮೈಕ್ ಕೂಲ್‌ಬಾ ಎಂಬಾತನು 2007ರ ಜುಲೈ 22ರಂದು ಕುತ್ತಿಗೆಗೆ ಚೆಂಡು ಬಡಿದು ಪ್ರಾಣಬಿಟ್ಟನು. ಮರುವರ್ಷದಿಂದ ಬೇಸುಗಳ ಬಳಿ ನಿಲ್ಲುವ ತರಬೇತುಗಾರರೆಲ್ಲರೂ ಶಿರಸ್ತ್ರಾಣ ಧರಿಸತಕ್ಕದ್ದೆಂದು ನಿಯಮವಾಯಿತು. ತೊಂಬತ್ತು ಅಡಿ ದೂರದವನಿಗೆ ಕಡ್ಡಾಯ, ಐವತ್ತೈದು ಅಡಿಯವನಿಗೆ ಇಲ್ಲ! ಈ ನ್ಯಾಯದ ತರ್ಕವನ್ನು ನಾನು ಎಷ್ಟು ಯೋಚಿಸಿದರೂ ಅರಿಯಲಾರದೆ ಹೋಗಿದ್ದೇನೆ.

ತರ್ಕವನ್ನು ನಿಯಮಗಳಲ್ಲಿ ಹುಡುಕುವುದಕ್ಕಿಂತ ನಾಚಿಕೆಯಲ್ಲಿ ಹುಡುಕುವುದು ಮೇಲೆಂದು ತೋರುತ್ತದೆ. ಮೊದಲಲ್ಲಿ ಬೇಸ್‌ಬಾಲನ್ನು ಬರಿಗೈಯಲ್ಲಿ ಆಡುತ್ತಿದ್ದರು. 1875ರಲ್ಲಿ ಚಾರ್ಲ್ಸ್ ವೇಟ್ ಎಂಬ ಆಟಗಾರನು ಕೈನೋವನ್ನು ತಾಳಲಾರದೆ ಗವಸನ್ನು ತೊಟ್ಟಾಗ, ಜನರು ಗುರುತಿಸಿ ನಕ್ಕಾರೆಂದು ಮೈಬಣ್ಣದ ಚರ್ಮದಿಂದಲೇ ಅದನ್ನು ಮಾಡಿಸಿಕೊಂಡಿದ್ದನಂತೆ. ದಾಂಡಿಗನ ಹಿಂದೆ ಕುಳಿತು ಚೆಂಡು ಹಿಡಿಯುವವನಿಗಾಗಿ ಹಾರ್ವರ್ಡ್ ವಿದ್ಯಾರ್ಥಿಯಾದ ಫ್ರೆಡ್ ಥೇಯರನು ಕತ್ತಿವರಸೆಯ ಮುಖಕವಚವನ್ನು ತಿದ್ದಿ ತಂತಿಯ ಜಾಲರಿಯೊಂದನ್ನು ಕಟ್ಟಿ 1878ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಅದನ್ನು ಕಂಡವರೂ ನಕ್ಕರು. 1907ರಲ್ಲಿ ರಾಜರ್ ಬ್ರೆಸ್ನಹನ್ ಮೊಣಕಾಲ ಕೆಳಗೆ ಕಾಪು ಕಟ್ಟಿ ಬಂದಾಗ ನ್ಯೂಯಾರ್ಕಿನ ಪ್ರೇಕ್ಷಕರು ಕೂಗಿ ಗೇಲಿ ಮಾಡಿದರು. 1920ರ ಆಗಸ್ಟಿನಲ್ಲಿ ಕ್ಲೀವ್‌ಲ್ಯಾಂಡಿನ ದಾಂಡಿಗ ರೇ ಚಾಪ್‌ಮನ್ ತಲೆಗೆ ಚೆಂಡು ತಗಲಿ ಮರುದಿನ ಸತ್ತನು. ಹೊಸದಾಗಿ ಬರುವ ದಾಂಡಿಗರಿಗೆಲ್ಲ ಶಿರಸ್ತ್ರಾಣ ಕಡ್ಡಾಯವಾದುದು 1971ರಲ್ಲಿ. ನಡುವೆ ಅರ್ಧ ಶತಮಾನ! ಇಂದು ಬರಿಗೈಯಲ್ಲಿ ಚೆಂಡು ಹಿಡಿಯಲು ನಿಂತವನನ್ನು, ಬರಿದಲೆಯಲ್ಲಿ ದಾಂಡು ಹಿಡಿದವನನ್ನು ಶೂರನೆಂದು ಯಾರೂ ಹೊಗಳರು, ಮೂರ್ಖನೆನ್ನುವರು. ಶೌರ್ಯದ ವ್ಯಾಖ್ಯಾನವೂ ಸಲಕರಣೆಗಳ ಅಂಗಡಿಯನ್ನು ಹಿಂಬಾಲಿಸಿ ಬದಲಾಗುತ್ತದೆ.

ಎಸೆತಗಾರನ ಮುಖವು ಈಗಲೂ ಬೆತ್ತಲೆಯಾಗಿ ಉಳಿದಿದೆ. 2014ರಲ್ಲಿ ಒಳಗೆ ಮೆತ್ತೆಯಿರುವ ಟೋಪಿಯನ್ನು ವೃತ್ತಿಪರ ಆಟದ ಅಧಿಕಾರಿಗಳು ಒಪ್ಪಿದರು. ಅಲೆಕ್ಸ್ ಟೋರೆಸ್ ಎಂಬ ಎಸೆತಗಾರನು ಆ ಜೂನಿನಲ್ಲಿ ಅದನ್ನು ಧರಿಸಿ ಆಡಿದನು. ಅದರ ಡೊಳ್ಳು ಆಕಾರವನ್ನು ಕಂಡು ಜನ ನಕ್ಕದ್ದೂ ಆಯಿತು. ನಗೆಯ ಮಾತು ಬಿಟ್ಟರೂ, ಆ ಟೋಪಿ ಕಾಪಾಡುವುದು ತಲೆಬುರುಡೆಯ ಪಕ್ಕಗಳನ್ನು. ಕಣ್ಣು, ಮೂಗು, ಕೆನ್ನೆಗಳಿಗೆ ಅದರಿಂದ ಏನೂ ಆಗದು. ಮುಖಕವಚವು ದೃಷ್ಟಿಗೆ ಅಡ್ಡ ಬರುತ್ತದೆ, ಬೆವರಿಳಿಸುತ್ತದೆ, ಎಸೆತದ ಲಯ ಕೆಡಿಸುತ್ತದೆ ಎಂಬ ಆಕ್ಷೇಪಗಳಿವೆ. ಇವು ಪೂರ್ತಿ ಹುರುಳಿಲ್ಲದವೆಂದು ಹೇಳಲಾರೆನಾದರೂ, ದಾಂಡಿಗನ ಹಿಂದೆ ಕುಳಿತವನು ನೂರನಲುವತ್ತಕ್ಕೂ ಹೆಚ್ಚು ವರ್ಷಗಳಿಂದ ಜಾಲರಿಯ ಮೂಲಕವೇ ನೋಡಿ ಚೆಂಡನ್ನು ಹಿಡಿಯುತ್ತಿರುವುದು ಎಲ್ಲರ ಕಣ್ಣೆದುರಿಗಿದೆ. ಇನ್ನೊಂದು ವಿನೋದವುಂಟು. ಪಂದ್ಯಕ್ಕೆ ಮುಂಚೆ ದಾಂಡಿಗರು ಅಭ್ಯಾಸ ಮಾಡುವಾಗ, ಅವರಿಗೆ ಚೆಂಡೆಸೆಯುವವನ ಮುಂದೆ ಕಬ್ಬಿಣದ ಚೌಕಟ್ಟಿಗೆ ಬಲೆ ಬಿಗಿದ ಒಂದು ಮರೆಯನ್ನು ನಿಲ್ಲಿಸುತ್ತಾರೆ. ಎಸೆದೊಡನೆ ಅವನು ಅದರ ಹಿಂದೆ ಸರಿದುಕೊಳ್ಳುವನು. ಅಪಾಯವುಂಟೆಂಬುದು ಎಲ್ಲರಿಗೂ ಗೊತ್ತು; ಪಂದ್ಯ ಆರಂಭವಾಗುವ ಹೊತ್ತಿಗೆ ಮರೆಯನ್ನು ಎತ್ತಿಟ್ಟು, ಗೊತ್ತಿದ್ದುದನ್ನೂ ಅದರೊಡನೆ ಎತ್ತಿಡುತ್ತಾರೆ.

ಈ ವಿಷಯದಲ್ಲಿ ಗಂಡಸರಿಗಿಂತ ಹುಡುಗಿಯರು ಬುದ್ಧಿವಂತರಾಗಿದ್ದಾರೆ. ಅಮೆರಿಕದ ಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಹುಡುಗಿಯರು ಆಡುವ ಸಾಫ್ಟ್‌ಬಾಲ್ ಎಂಬ ಆಟದಲ್ಲಿ ಚೆಂಡು ಹೆಸರಿಗೆ ಮಾತ್ರ ಮೃದು. ಬೇಸ್‌ಬಾಲಿಗಿಂತ ದೊಡ್ಡದು, ಭಾರವಾದುದು. ಅಂಗಳವು ಕಿರಿದು: ಬೇಸುಗಳ ನಡುವೆ 60 ಅಡಿ, ಎಸೆಯುವ ದೂರ 43 ಅಡಿ. ಎಸೆದು ಮುಂದಕ್ಕೆ ಚಿಮ್ಮಿದ ಹುಡುಗಿಯು ದಾಂಡಿನಿಂದ ಮೂವತ್ತೇಳು ಮೂವತ್ತೆಂಟು ಅಡಿಯಲ್ಲಿರುತ್ತಾಳೆ. ಎಂಬತ್ತು ಮೈಲಿ ವೇಗದ ಹೊಡೆತಕ್ಕೆ ಅವಳಿಗುಳಿಯುವುದು ಸೆಕೆಂಡಿನ ಮೂರನೆಯ ಒಂದು ಭಾಗಕ್ಕೂ ಕಡಮೆ. ವೃತ್ತಿಪರ ಪುರುಷನು ಎದುರಿಸುವ ಅತ್ಯುಗ್ರ ಹೊಡೆತದ ಕಾಲವಿದು. ಇದನ್ನರಿತ ಹುಡುಗಿಯರು ಈಗ ಬಹುಸಂಖ್ಯೆಯಲ್ಲಿ ತೆಳುವಾದ ಲೋಹದ ಸರಳುಗಳ ಮುಖಕವಚವನ್ನು ಧರಿಸಿ ಎಸೆಯುತ್ತಾರೆ, ಮೊದಲನೆಯ ಮೂರನೆಯ ಬೇಸುಗಳನ್ನು ಕಾಯುತ್ತಾರೆ. ಅವರನ್ನು ನೋಡಿ ನಗುವವರು ಈಗ ಕಾಣಬರುವುದಿಲ್ಲ.

ದಾಂಡಿನ ಕಡೆಯಿಂದಲೂ ಕೆಲವು ತಿದ್ದುಪಡಿಗಳಾಗಿವೆ. ಟೊಳ್ಳಾದ ಲೋಹದ ದಾಂಡು ಹೊಡೆತದ ಕ್ಷಣದಲ್ಲಿ ತುಸು ಒಳಗೆ ಬಾಗಿ ಮತ್ತೆ ಪುಟಿದು ಮರದ ದಾಂಡಿಗಿಂತ ಹೆಚ್ಚು ವೇಗ ಕೊಡುತ್ತದೆ. 2003ರಲ್ಲಿ ಮೊಂಟಾನ ಸಂಸ್ಥಾನದಲ್ಲಿ ಒಬ್ಬ ಹದಿಹರೆಯದ ಎಸೆತಗಾರನು ಇಂಥ ದಾಂಡಿನ ಹೊಡೆತಕ್ಕೆ ಸಿಕ್ಕಿ ಸತ್ತ ಮೇಲೆ ಮೊಕದ್ದಮೆ ನಡೆದು, ದಾಂಡು ತಯಾರಿಸಿದವರು ಅಪಾಯವನ್ನು ತಿಳಿಸಲಿಲ್ಲವೆಂದು 2009ರಲ್ಲಿ ತೀರ್ಪಾಯಿತು. ನ್ಯೂಯಾರ್ಕ್ ನಗರಸಭೆಯು ಪ್ರೌಢಶಾಲೆಗಳ ಆಟದಲ್ಲಿ ಲೋಹದಾಂಡನ್ನು 2007ರಲ್ಲಿ ನಿಷೇಧಿಸಿತು. ಲೋಹದಾಂಡಿನ ಪುಟಿತವು ಮರದಾಂಡಿನದಕ್ಕೆ ಸಮೀಪವಾಗಿರಬೇಕೆಂಬ ನಿಯಮವು 2011ರಿಂದ ಕಾಲೇಜುಗಳಲ್ಲಿಯೂ ಮರುವರ್ಷದಿಂದ ಪ್ರೌಢಶಾಲೆಗಳಲ್ಲಿಯೂ ಜಾರಿಗೆ ಬಂದಿದೆ. ಒಳ್ಳೆಯದೇ, ಆದರೆ ಮರದ ದಾಂಡಿನಿಂದ ಹೊರಟ ಚೆಂಡೇ ಸ್ಕೋರನ ಮುಖ ಮುರಿದುದು.

ನಮ್ಮಲ್ಲಿಯೂ ಈ ಕಥೆಯ ಬೇರೊಂದು ರೂಪವುಂಟು. 1971ರಲ್ಲಿ ಓವಲ್ ಮೈದಾನದಲ್ಲಿ ನಮ್ಮ ಚಂದ್ರಶೇಖರ್ 38 ಓಟಗಳಿಗೆ ಆರು ಮಂದಿಯನ್ನು ಕಿತ್ತಾಗ, ದಾಂಡಿಗನ ತೊಡೆಯ ಪಕ್ಕದಲ್ಲಿ ಫಾರ್ವರ್ಡ್ ಷಾರ್ಟ್ ಲೆಗ್ ಎಂಬ ಸ್ಥಾನದಲ್ಲಿ ಬಗ್ಗಿ ನಿಂತಿದ್ದ ಏಕನಾಥ್ ಸೋಲ್ಕರನ ತಲೆಯ ಮೇಲೆ ಶಿರಸ್ತ್ರಾಣವಿರಲಿಲ್ಲ. 27 ಟೆಸ್ಟುಗಳಲ್ಲಿ 53 ಚೆಂಡುಗಳನ್ನು ಹಿಡಿದ ಆ ಧೀರನಿಗೆ ಬೌಲರುಗಳಾದ ಪ್ರಸನ್ನ, ಚಂದ್ರಶೇಖರರ ಕೀರ್ತಿಯಲ್ಲಿ ಪಾಲಿದೆ. ಅದೇ ಸ್ಥಾನದಲ್ಲಿ 1998ರ ಫೆಬ್ರವರಿಯಲ್ಲಿ ಢಾಕಾ ನಗರದ ಪಂದ್ಯವೊಂದರಲ್ಲಿ ಬರಿದಲೆಯಲ್ಲಿ ನಿಂತ ರಮಣ್ ಲಾಂಬಾ ತಲೆಗೆ ಚೆಂಡು ತಗಲಿ ಮೂರು ದಿನಗಳ ಮೇಲೆ ತೀರಿಕೊಂಡನು. ಅಲ್ಲಿಯೂ ಅವನ ತಲೆಯಿಂದ ಪುಟಿದ ಚೆಂಡನ್ನು ವಿಕೆಟ್ ಕೀಪರನು ಹಿಡಿದು ದಾಂಡಿಗನು ಔಟಾದನು. ಕ್ಲೀವ್‌ಲ್ಯಾಂಡಿನ ಲೆಕ್ಕದ ಪುಸ್ತಕಕ್ಕೆ ಢಾಕಾದಲ್ಲೊಂದು ಜೋಡಿ. ಎರಡು ವರ್ಷಗಳ ತರುವಾಯ ಅದೇ ನಗರದಲ್ಲಿ ನಮ್ಮ ಕುಂಬ್ಳೆಯ ಎಸೆತವು ಬಲಗಣ್ಣಿಗೆ ತಾಗಿ ವಿಕೆಟ್ ಕೀಪರ್ ಸಬಾ ಕರೀಮನ ಆಟದ ಬಾಳು ಬೇಗನೆ ಮೊಟಕಾಯಿತು. ಈಗ ಕ್ರಿಕೆಟ್ಟಿನಲ್ಲಿ ದಾಂಡಿಗನ ಹತ್ತಿರ ನಿಲ್ಲುವವರು ಜಾಲರಿಯಿರುವ ಶಿರಸ್ತ್ರಾಣವಿಲ್ಲದೆ ನಿಲ್ಲುವುದು ಅಪರೂಪ. ಚಿನ್ನಿದಾಂಡಿನ ಕಾಲದಲ್ಲಿ ಕಣ್ಣು ಹೋದೀತೆಂದು ಕೂಗಿ ಕರೆಯುತ್ತಿದ್ದ ನಮ್ಮ ತಾಯಂದಿರಿಗೆ ಈ ಶಾಸ್ತ್ರವೆಲ್ಲ ಮೊದಲೇ ಗೊತ್ತಿತ್ತೆಂದು ತೋರುತ್ತದೆ.

ದೊಡ್ಡವರ ಹಠ ದೊಡ್ಡವರಿಗಿರಲಿ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷಾ ಆಯೋಗವು 1996ರಲ್ಲಿ ಪ್ರಕಟಿಸಿದ ವರದಿಯಂತೆ, 1973ರಿಂದ 1995ರವರೆಗೆ ಐದರಿಂದ ಹದಿನಾಲ್ಕು ವರ್ಷದೊಳಗಿನ 88 ಮಕ್ಕಳು ಬೇಸ್‌ಬಾಲ್ ಆಟದ ಅಪಘಾತಗಳಲ್ಲಿ ಸತ್ತರು. ಅವರಲ್ಲಿ 68 ಮಂದಿ ಚೆಂಡಿನ ಏಟಿಗೆ, ಅದರಲ್ಲಿ 38 ಮಂದಿ ಎದೆಗೆ ಬಿದ್ದ ಏಟಿಗೆ, 21 ಮಂದಿ ತಲೆಗೆ ಬಿದ್ದ ಏಟಿಗೆ. ಮೆದುವಾದ ಚೆಂಡು, ಮುಖಕ್ಕೆ ಕಾಪು ಇವುಗಳಿಂದ ಗಾಯಗಳು ಕಡಮೆಯಾಗುವುದೆಂದು ಆ ವರದಿ ಅಂದೇ ಹೇಳಿತು. ಮಕ್ಕಳ ಪ್ರತಿಕ್ರಿಯಾಕಾಲವು ದೊಡ್ಡವರದಕ್ಕಿಂತ ದೀರ್ಘ. ಅವರ ಲೀಗುಗಳಲ್ಲಿ ಎಸೆಯುವ ದೂರವೋ 46 ಅಡಿ. ನಮ್ಮ ಕನ್ನಡ ಕುಟುಂಬಗಳು ಆ ದೇಶದಲ್ಲಿ ಸಾವಿರಗಟ್ಟಲೆ ನೆಲಸಿವೆ. ಮಕ್ಕಳು ಶಾಲೆಯ ಅಂಗಳದಲ್ಲಿ ನೆರೆಹೊರೆಯ ಮಕ್ಕಳೊಡನೆ ಇದೇ ಆಟವನ್ನಾಡುತ್ತಾರೆ. ವಸಂತ ಬಂತೆಂದರೆ ತಂದೆ ಮಗನನ್ನೋ ಮಗಳನ್ನೋ ಕರೆದುಕೊಂಡು ಗವಸು ಕೊಳ್ಳಲು ಅಂಗಡಿಗೆ ಹೋಗುತ್ತಾನೆ. ಅದೇ ಅಂಗಡಿಯಲ್ಲಿ ಮುಖಕವಚವೂ ದೊರೆಯುತ್ತದೆ. ಎರಡನ್ನೂ ಒಂದೇ ಸಲ ತರಬೇಕೆಂದು ಆ ತಂದೆತಾಯಿಗಳಲ್ಲಿ ನನ್ನ ಬಿನ್ನಹ.